ಕ್ಲಿಕ್ಕಿನ ಮೇಲೆ ಹಿಂದೋಳ

ಮೈಸೂರಿನಲ್ಲಿ ಪಿಟೀಲು ಕಲಿಯುವವರಿಗೆ ಎರಡು ದಾರಿಗಳು ಅಕ್ಕಪಕ್ಕದಲ್ಲೇ ಇವೆ. ಚಕ್ಕಳಮಕ್ಕಳ ಹಾಕಿ ಕುಳಿತು, ತಂತಿಗಳನ್ನು ಸ-ಪ-ಸ-ಪಕ್ಕೆ ಶ್ರುತಿ ಮಾಡಿ ವರ್ಣ ನುಡಿಸುವುದು ಒಂದು. ನಿಂತುಕೊಂಡು ಸ್ಟಾಫ್ ನೊಟೇಶನ್ ಎಂಬ ಪಾಶ್ಚಾತ್ಯ ಸ್ವರಲಿಪಿ ಓದಿ, ಲಂಡನ್ನಿನ ಟ್ರಿನಿಟಿ ಕಾಲೇಜಿನ ಸಂಗೀತ ಪರೀಕ್ಷೆಗೆ ಕೂರುವುದು ಇನ್ನೊಂದು. ನಾನು ಎರಡನ್ನೂ ಹಿಡಿದೆ. ಇದರಲ್ಲಿ ನನ್ನ ಹೆಚ್ಚುಗಾರಿಕೆಯೇನಿಲ್ಲ, ಊರಿನ ಗುಣವೇ ಹಾಗೆ. ಅರಮನೆಯಲ್ಲಿ ಕರ್ನಾಟಕ ಬ್ಯಾಂಡ್, ಇಂಗ್ಲಿಷ್ ಬ್ಯಾಂಡ್ ಎರಡೂ ಇದ್ದವು. ‘ಶ್ರೀವಿದ್ಯಾ’ ಅಂಕಿತದಲ್ಲಿ ಕೃತಿಗಳನ್ನು ರಚಿಸಿದ ಜಯಚಾಮರಾಜ ಒಡೆಯರ್ ಅವರೇ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು. ರಷ್ಯದ ಸಂಗೀತ ಸಂಯೋಜಕ ಮೆಡ್ಟ್‌ನರ್ ಅವರ ರಚನೆಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರೂ ಅವರೇ.

ಚೆನ್ನೈನ ಸಿನಿಮಾ ಸಂಗೀತದ ಸ್ಟುಡಿಯೋಗಳಲ್ಲಿ ಪಿಟೀಲಿನ ಸಾಲಿನ ಹಿಂದಿನ ಕುರ್ಚಿಯಿಂದ ನನ್ನ ಕೆಲಸ ಶುರುವಾಯಿತು. ಆಮೇಲೆ ಯಾವ ವಾದ್ಯ ಏನು ನುಡಿಸಬೇಕೆಂದು ಬರೆದುಕೊಡುವ ಅರೇಂಜರ್ ಒಬ್ಬರಿಗೆ ನೊಟೇಶನ್ ಪ್ರತಿ ಮಾಡಿಕೊಡುತ್ತಿದ್ದೆ, ಆಮೇಲೆ ನಾನೇ ಅರೇಂಜರ್ ಆದೆ. ಈ ವೃತ್ತಿಯಲ್ಲಿ ಪಾಠ ನಡೆಯುವುದು ಹೀಗೆಯೇ. ಇಳಯರಾಜಾ ಅವರೂ ನಮ್ಮ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿ ದುಡಿದವರು.

ಹಿನ್ನೆಲೆ ಸಂಗೀತದಲ್ಲಿ ಮೊದಲು ಬೇಕಾದದ್ದು ಲೆಕ್ಕ. ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. ದೃಶ್ಯ ಶುರುವಾಗಿ 37 ಸೆಕೆಂಡು 12 ಫ್ರೇಮಿಗೆ ಬಾಗಿಲು ತೆರೆಯುತ್ತದೆ ಎಂದುಕೊಳ್ಳಿ. ನಿಮಿಷಕ್ಕೆ 100 ಬೀಟ್, ಅಂದರೆ ಲಯದ ಎಣಿಕೆ, ಇಟ್ಟರೆ ಬಾಗಿಲು ಎರಡು ಬೀಟ್‌ಗಳ ನಡುವೆ ಸಿಕ್ಕಿಕೊಳ್ಳುತ್ತದೆ. 96 ಇಟ್ಟರೆ ಒಂದು ಬೀಟಿಗೆ ಸರಿಯಾಗಿ 15 ಫ್ರೇಮ್. ಅರವತ್ತು ಬೀಟ್ ಮುಗಿದು, ನಾಲ್ಕು ಬೀಟಿಗೆ ಒಂದು ಬಾರ್ ಎಂಬ ಲೆಕ್ಕದಲ್ಲಿ ಹದಿನಾರನೆಯ ಬಾರ್‌ನ ಮೊದಲ ಬೀಟಿಗೇ ಬಾಗಿಲು ತೆರೆಯುತ್ತದೆ. ಅಷ್ಟಾದ ಮೇಲೂ ಆ ಬೀಟಿನಲ್ಲಿ ಏನನ್ನಾದರೂ ಬಾರಿಸಲೇಬೇಕೆಂದಿಲ್ಲ. ಎಷ್ಟೋ ಸಲ ಅಲ್ಲಿ ಸಂಗೀತವನ್ನು ನಿಲ್ಲಿಸಿಬಿಡುತ್ತೇನೆ.

ನಿಜವಾದ ತಲೆನೋವು ರಾಗ. ಹಂಸಧ್ವನಿ ಆರ್ಕೆಸ್ಟ್ರಾಕ್ಕೆ ತಾನಾಗಿಯೇ ಒಗ್ಗುತ್ತದೆ: ಸ-ಗ-ಪ ಮೂರನ್ನೂ ಒಟ್ಟಿಗೆ ನುಡಿಸಿದರೆ ಒಂದು ಮೇಜರ್ ಕಾರ್ಡ್ (ಸ್ವರಗುಚ್ಛ), ಪ-ನಿ-ರಿ ಇನ್ನೊಂದು. ಹಿಂದೋಳ ಹಾಗಲ್ಲ. ಅದರಲ್ಲಿ ಪಂಚಮವೇ ಇಲ್ಲ. ಹಾಗಾಗಿ ಷಡ್ಜದ ಮೇಲೆ ಪೂರ್ತಿ ಕಾರ್ಡ್ ಕಟ್ಟಲಾಗದು. ರಾಗದ ಐದು ಸ್ವರಗಳೊಳಗೆ ಸಿಗುವುದು ಮಧ್ಯಮದ ಮೇಲೊಂದು ಮೈನರ್ ಕಾರ್ಡ್, ಧೈವತದ ಮೇಲೊಂದು ಮೇಜರ್ ಕಾರ್ಡ್, ಅಷ್ಟೇ. ಮಧ್ಯಮದ ಕಾರ್ಡನ್ನು ಸೆಲ್ಲೋಗಳ ಕೈಗೆ ಕೊಟ್ಟರೆ ಕೇಳುವವರ ಕಿವಿಗೆ ಮಧ್ಯಮವೇ ಷಡ್ಜವಾಗಿ ಬಿಡುತ್ತದೆ, ರಾಗ ಕೈಬಿಟ್ಟು ಹೋಗುತ್ತದೆ. ಹೊರಗಿನಿಂದ ಪಂಚಮ ತಂದು ಹಾಕುವವರಿದ್ದಾರೆ; ನನಗೆ ಅದು ಹಿಡಿಸುವುದಿಲ್ಲ. ನಾನು ಕಾರ್ಡಿನ ಗೊಡವೆಯನ್ನೇ ಬಿಟ್ಟು, ಡಬಲ್ ಬಾಸ್‌ಗಳಿಗೆ ಷಡ್ಜ, ಸೆಲ್ಲೋಗಳಿಗೆ ಮೇಲಿನ ಮಧ್ಯಮ ಕೊಡುತ್ತೇನೆ. ವಯೋಲಾ ಒಂದು ಸಾಲನ್ನು ಎತ್ತಿಕೊಂಡರೆ ಪಿಟೀಲುಗಳು ಅದೇ ಸಾಲನ್ನು ಒಂದು ಬಾರ್ ತಡವಾಗಿ ಹಿಡಿಯುತ್ತವೆ. ಸ್ವರಗಳು ಡಿಕ್ಕಿ ಹೊಡೆದಾಗಲೂ ಹಿಂದೋಳ ಹಿಂದೋಳವಾಗಿಯೇ ಉಳಿಯುತ್ತದೆ.

ಸ್ವರವನ್ನು ಅಲ್ಲಾಡಿಸುವ, ಜಾರಿಸುವ ಗಮಕವನ್ನು ಪಿಟೀಲುಗಾರರ ಇಡೀ ಸಾಲಿಗೆ ಬರೆಯುವುದಿಲ್ಲ. ಹನ್ನೆರಡು ಪಿಟೀಲುಗಳಿಗೆ ಒಂದು ಗಮಕ ಬರೆದರೆ ಹನ್ನೆರಡು ಗಮಕ ಕೇಳಿಸುತ್ತವೆ. ಸಾಲಿಗೆ ನೇರ ಸ್ವರ, ವೈಬ್ರಾಟೋ (ಸ್ವರದ ಸಣ್ಣ ಕಂಪನ) ಕಡಿಮೆ. ಗಮಕವೆಲ್ಲ ಒಂದೇ ವೀಣೆಗೆ ಅಥವಾ ಕೊಳಲಿಗೆ. ಆ ವಾದಕರಿಗೆ ಸ್ವರಪ್ರಸ್ತಾರ ಸಾಕು, ಉಳಿದದ್ದು ಅವರ ಬೆರಳಿನಲ್ಲಿದೆ. ತೋಡಿಯಂತಹ ರಾಗವನ್ನು ಮಾತ್ರ ಆರ್ಕೆಸ್ಟ್ರಾದ ಹತ್ತಿರ ಬಿಡುವುದಿಲ್ಲ. ಅದರ ಗಾಂಧಾರವನ್ನು ಅಲ್ಲಾಡಿಸದೆ ಹಿಡಿದರೆ ತೋಡಿಯ ಜೀವವೇ ಹೋಯಿತು.

ಬೀಟ್ ಎಣಿಸುವ ಟಿಕ್ ಟಿಕ್ ಸದ್ದು, ಅಂದರೆ ಕ್ಲಿಕ್, ಹೆಡ್‌ಫೋನಿನಲ್ಲಿ ಎಲ್ಲರ ಕಿವಿಯಲ್ಲೂ ಇರುವಾಗ ಕಂಡಕ್ಟರ್ ಯಾಕೆ ಬೇಕು ಎಂದು ನಿರ್ಮಾಪಕರೊಬ್ಬರು ಕೇಳಿದ್ದರು. ಖರ್ಚು ಕೊಡುವವರು ಕೇಳಬೇಕಾದ ಪ್ರಶ್ನೆಯೇ. ಸ್ವರ ಯಾವಾಗ ಶುರುವಾಗಬೇಕೆಂದು ಕ್ಲಿಕ್ ಹೇಳುತ್ತದೆ. ಅದು ಯಾವಾಗ ನಿಲ್ಲಬೇಕು, ಏರಿಕೆ ಎಲ್ಲಿ ತುದಿ ಮುಟ್ಟಬೇಕು, ಹಾರ್ನ್ ಊದುವವರು ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂಬುದಕ್ಕೆ ಕೈ ಬೇಕು. ನಾನು ಹೆಡ್‌ಫೋನನ್ನು ಒಂದೇ ಕಿವಿಗೆ ಹಾಕಿಕೊಂಡು ಇನ್ನೊಂದನ್ನು ಕೋಣೆಗೆ ಬಿಡುತ್ತೇನೆ. ಲಯ ಸಡಿಲವಾಗಬೇಕಾದ ಕಡೆ ಕ್ಲಿಕ್ ತೆಗೆಸಿ ಪರದೆಯ ಮೇಲೆ ಸ್ಟ್ರೀಮರ್ ಹಾಕಿಸುತ್ತೇನೆ. ಪರದೆಯ ಉದ್ದಕ್ಕೂ ಸರಿಯುವ ಆ ಗೆರೆ ಅಂಚು ಮುಟ್ಟುವ ಹೊತ್ತಿಗೆ ನನ್ನ ಕೈಯೂ ಕೆಳಗಿಳಿದಿರಬೇಕು.

ಈಗ ಬುಡಾಪೆಸ್ಟ್, ಸ್ಕೋಪಿಯೆ ನಗರಗಳ ಆರ್ಕೆಸ್ಟ್ರಾಗಳು ಗಂಟೆಯ ಲೆಕ್ಕದಲ್ಲಿ ಸಿಗುತ್ತವೆ. ಅಲ್ಲಿನ ಕಂಡಕ್ಟರ್ ನಡೆಸುತ್ತಾರೆ, ನಾನು ಇಲ್ಲಿಂದ ಇಂಟರ್ನೆಟ್ ಮೂಲಕ ಕೇಳುತ್ತೇನೆ. ರಿಹರ್ಸಲ್ ಇರುವುದಿಲ್ಲ, ಹಾಳೆ ನೋಡಿದೊಡನೆ ನುಡಿಸುತ್ತಾರೆ. ಆದ್ದರಿಂದ ಕಮಾನು ಎಳೆಯುವ ದಿಕ್ಕಿನಿಂದ ಹಿಡಿದು ಎಲ್ಲವೂ ಹಾಳೆಯಲ್ಲಿರಬೇಕು. ಕೆಲವು ವಾದ್ಯಗಳು ಬರೆದದ್ದಕ್ಕಿಂತ ಕೆಳಗೆ ಕೇಳಿಸುತ್ತವೆ; ಬಿ-ಫ್ಲಾಟ್ ಕ್ಲಾರಿನೆಟ್‌ಗೆ ಒಂದು ಸ್ವರ ಮೇಲೆ, ಎಫ್ ಹಾರ್ನ್‌ಗೆ ಐದನೆಯ ಸ್ವರಕ್ಕೆ ಏರಿಸಿ ಬರೆದಿದ್ದೇನೆಯೇ ಎಂದು ಹಿಂದಿನ ರಾತ್ರಿ ನೋಡಿಕೊಳ್ಳುತ್ತೇನೆ. ಅಲ್ಲಿ ಕೇಳುವ ಒಂದು ಅನುಮಾನಕ್ಕೂ ಮೀಟರ್ ಓಡುತ್ತಿರುತ್ತದೆ.

ಹಣದ ಮಾತು ಬಂದಿತು. ನಮ್ಮಲ್ಲಿ ಹೆಚ್ಚಾಗಿ ಪ್ಯಾಕೇಜ್: ಒಟ್ಟು ಮೊತ್ತ ಸಂಗೀತ ನಿರ್ದೇಶಕನ ಕೈಗೆ, ವಾದ್ಯಗಾರರು, ಸ್ಟುಡಿಯೋ, ಮಿಕ್ಸಿಂಗ್ ಎಲ್ಲ ಅದರಲ್ಲೇ. ಆರ್ಕೆಸ್ಟ್ರಾ ದೊಡ್ಡದಾದಷ್ಟೂ ನನ್ನ ಪಾಲು ಸಣ್ಣದು. ಸಂಭಾಷಣೆಯ ಕೆಳಗೆ ಹಾಸುವ ಉದ್ದ ಸ್ವರಗಳಿಗೆ ಕಂಪ್ಯೂಟರ್ ಸಾಕು. ಮಾತಿನ ಕೆಳಗೆ ವ್ಯತ್ಯಾಸ ಯಾರಿಗೂ ತಿಳಿಯುವುದಿಲ್ಲ. ಮಾತಿಲ್ಲದ ದೃಶ್ಯಗಳಿಗೆ ಮಾತ್ರ ಮನುಷ್ಯರನ್ನೇ ಕೂರಿಸುತ್ತೇನೆ. ಅಂತಹವು ಚಿತ್ರದಲ್ಲಿ ಎಷ್ಟಿವೆ ಎಂದು ನಿರ್ದೇಶಕರನ್ನು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಕೇಳಿ ಬರೆದುಕೊಳ್ಳುತ್ತೇನೆ.