ಕಾಲೇಜಿನ ಎತ್ತರದ ಆಟಗಾರ ಎನ್‌ಬಿಎಯಲ್ಲಿ ನಿಲ್ಲಬಲ್ಲನೇ? ನೋಡಿ ತಿಳಿಯುವ ಬಗೆ

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ 2021ರ ಅತ್ಯುತ್ತಮ ಆಟಗಾರ ಎಂಬ ಗೌರವ ಪಡೆದವರು ಅಯೋವಾ ವಿಶ್ವವಿದ್ಯಾಲಯದ ಸೆಂಟರ್ (ರಿಂಗಿನ ಬಳಿ ಆಡುವ ಎತ್ತರದ ಆಟಗಾರ) ಲೂಕಾ ಗಾರ್ಜಾ. ಅದೇ ವರ್ಷ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವಲ್ಲಿ, 51 ಹೆಸರುಗಳನ್ನು ಕರೆದು ಮುಗಿಸಿದ ಮೇಲೆ ಅವರ ಸರದಿ ಬಂತು. ಮರುವರ್ಷ ಅದೇ ಗೌರವಕ್ಕೆ ಪಾತ್ರರಾದ ಕೆಂಟಕಿಯ ಆಸ್ಕರ್ ಷೀಬ್ವೆ ಆ ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ 15ಕ್ಕೂ ಹೆಚ್ಚು ರೀಬೌಂಡ್ (ಗುರಿ ತಪ್ಪಿ ಹಿಂದೆ ಬಂದ ಚೆಂಡು) ಹಿಡಿದಿದ್ದರು. 2023ರ ಡ್ರಾಫ್ಟ್‌ನಲ್ಲಿ ಅವರನ್ನು ಯಾವ ತಂಡವೂ ಆರಿಸಲಿಲ್ಲ. ಅದೇ ಕೆಂಟಕಿಯಿಂದ 2017ರಲ್ಲಿ ಹೊರಬಂದ ಬ್ಯಾಮ್ ಅಡೆಬಾಯೊ ಕಾಲೇಜಿನಲ್ಲಿ ಪಂದ್ಯಕ್ಕೆ ಸುಮಾರು 13 ಅಂಕಗಳನ್ನಷ್ಟೇ ಗಳಿಸಿದ್ದರೂ, 14ನೆಯ ಆಯ್ಕೆಯಾಗಿ ಮಯಾಮಿ ಹೀಟ್ ಸೇರಿ, ಆ ತಂಡದ ರಕ್ಷಣೆಯೆಲ್ಲ ತಮ್ಮ ಸುತ್ತ ಕಟ್ಟಿಕೊಳ್ಳುವಂತೆ ಬೆಳೆದರು.

ಕಾಲೇಜಿನ ಆಟದಲ್ಲಿ ಚೆಂಡನ್ನು ಎತ್ತರದ ಆಟಗಾರ ನಿಂತಿರುವಲ್ಲಿಗೆ ತಂದುಕೊಡುತ್ತಾರೆ. ಎನ್‌ಬಿಎಯಲ್ಲಿ ಎದುರಾಳಿಗಳು ಅವನನ್ನು ರಿಂಗಿನಿಂದ ಇಪ್ಪತ್ತನಾಲ್ಕು ಅಡಿ ಆಚೆಗೆ ಎಳೆದು ತಂದು ಪರೀಕ್ಷಿಸುತ್ತಾರೆ. ಹಾಗೆ ಎಳೆದಾಗ ಅವನಿಂದ ಏನಾದೀತು ಎಂಬುದನ್ನು ಕಾಲೇಜಿನ ಪಂದ್ಯಗಳಲ್ಲೇ ಊಹಿಸುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಮೊದಲ ಹೆಜ್ಜೆ: ಎರಡು ಅಂಕಣಗಳ ವ್ಯತ್ಯಾಸ

ಅಂಕಣದ ಉದ್ದಗಲ ಎರಡು ಕಡೆಯೂ ಒಂದೇ. 94 ಅಡಿ ಉದ್ದ, 50 ಅಡಿ ಅಗಲ. ಆದರೆ ರಿಂಗಿನ ಮುಂದೆ ಬಣ್ಣ ಬಳಿದಿರುವ ಪಟ್ಟಿ, ಅಂದರೆ ಪೇಂಟ್, ಕಾಲೇಜಿನಲ್ಲಿ 12 ಅಡಿ ಅಗಲವಿದ್ದರೆ ಎನ್‌ಬಿಎಯಲ್ಲಿ 16 ಅಡಿ. ಪೇಂಟಿನ ಅಂಚಿನಲ್ಲಿ ಬೆನ್ನು ಕೊಟ್ಟು ನಿಂತು ಚೆಂಡು ಪಡೆಯುವವನಿಗೆ ಇದರಿಂದ ಎಡಬಲಗಳೆರಡರಲ್ಲೂ ಎರಡೆರಡು ಅಡಿ ಹೆಚ್ಚು ದೂರವಾಗುತ್ತದೆ. ಕಾಲೇಜಿನಲ್ಲಿ ಒಂದೇ ತಿರುವಿಗೆ ರಿಂಗ್ ತಲುಪುತ್ತಿದ್ದವನು ಇಲ್ಲಿ ಒಮ್ಮೆ ಚೆಂಡನ್ನು ನೆಲಕ್ಕೆ ಕುಟ್ಟಲೇಬೇಕಾಗುತ್ತದೆ, ಹಾಗೆ ಕುಟ್ಟಿದ ಕ್ಷಣದಲ್ಲೇ ಪಕ್ಕದಿಂದ ಬಂದ ಸಣ್ಣ ಗಾರ್ಡ್ (ಹೊರಗಿನಿಂದ ಚೆಂಡು ನಡೆಸುವ ಚುರುಕಿನ ಆಟಗಾರ) ಅದನ್ನು ತಟ್ಟಿ ಕಸಿಯುತ್ತಾನೆ.

ಇದಕ್ಕಿಂತ ಮುಖ್ಯವಾದದ್ದು ರಕ್ಷಣೆಯ ಮೂರು ಸೆಕೆಂಡಿನ ನಿಯಮ. ಎನ್‌ಬಿಎ 2001–02ರ ಋತುವಿನಲ್ಲಿ ಜೋನ್ ರಕ್ಷಣೆಗೆ (ಒಬ್ಬೊಬ್ಬ ಎದುರಾಳಿಯ ಬದಲು ಜಾಗವನ್ನು ಕಾಯುವ ಬಗೆಗೆ) ಅವಕಾಶ ಕೊಟ್ಟಾಗ, ಯಾರನ್ನೂ ಕಾಯದೆ ಪೇಂಟಿನೊಳಗೆ ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಲ್ಲುವಂತಿಲ್ಲ ಎಂಬ ಕಟ್ಟನ್ನೂ ಜೊತೆಗೇ ತಂದಿತು. ಕಾಲೇಜಿನಲ್ಲಿ ಈ ಕಟ್ಟಿಲ್ಲ. ಏಳಡಿಯ ಹುಡುಗನೊಬ್ಬ ಅಲ್ಲಿ ಇಡೀ ಪಂದ್ಯ ರಿಂಗಿನ ಕೆಳಗೇ ಬೇರೂರಿ ನಿಂತು ಎದುರಾಳಿಯ ಎಸೆತಗಳನ್ನು ಗಾಳಿಯಲ್ಲೇ ತಡೆದು ಬ್ಲಾಕ್‌ಗಳ ರಾಶಿ ಹಾಕಬಹುದು, ಆ ರಾಶಿಯನ್ನು ನೋಡಿ ನಾವು ಅವನನ್ನು ಮಹಾನ್ ರಕ್ಷಕನೆಂದು ತಿಳಿಯಬಹುದು. ಇವುಗಳ ಜೊತೆಗೆ ಮೂರಂಕದ ಗೆರೆಯೂ ಬೇರೆ: ಕಾಲೇಜಿನ ಪುರುಷರ ಆಟದಲ್ಲಿ 2019–20ರಿಂದ ಅದು 6.75 ಮೀಟರ್ ದೂರದಲ್ಲಿದೆ, ಎನ್‌ಬಿಎಯಲ್ಲಿ ಮೂಲೆಗಳನ್ನು ಬಿಟ್ಟರೆ 7.24 ಮೀಟರ್. ದಾಳಿಗೆ ಸಿಗುವ ಸಮಯ ಅಲ್ಲಿ 30 ಸೆಕೆಂಡು, ಇಲ್ಲಿ 24. ಎತ್ತರದ ಆಟಗಾರ ಜಾಗ ಹಿಡಿದು ನಿಲ್ಲುವವರೆಗೆ ಕಾದು ಚೆಂಡು ಕೊಡುವಷ್ಟು ತಾಳ್ಮೆಗೆ ಎನ್‌ಬಿಎಯ ಗಡಿಯಾರ ಎಡೆ ಕೊಡುವುದಿಲ್ಲ.

ಎರಡನೆಯದು: ಕೈ ಎಲ್ಲಿಗೆ ತಲುಪುತ್ತದೆ

ಕಾಲೇಜುಗಳು ಪ್ರಕಟಿಸುವ ಎತ್ತರವನ್ನು ನಂಬಬೇಡಿ. ಬೂಟಿನ ಅಟ್ಟೆಯೂ ಅದರಲ್ಲಿ ಸೇರಿರುತ್ತದೆ. ಪ್ರತಿ ಮೇ ತಿಂಗಳಲ್ಲಿ ಷಿಕಾಗೋದಲ್ಲಿ ನಡೆಯುವ ಡ್ರಾಫ್ಟ್ ಕಂಬೈನ್‌ನಲ್ಲಿ ಬರಿಗಾಲಿನ ಎತ್ತರ, ಚಾಚಿದ ತೋಳುಗಳ ಅಳತೆ, ನಿಂತಲ್ಲೇ ಕೈ ಮೇಲೆತ್ತಿದಾಗ ಬೆರಳು ತಲುಪುವ ಮಟ್ಟ ಇವೆಲ್ಲವನ್ನೂ ಅಳೆದು ಪ್ರಕಟಿಸುತ್ತಾರೆ. ಈ ಕೊನೆಯ ಅಳತೆಯೇ ನಿಜವಾದ ಎತ್ತರ ಎಂದು ಎಣಿಸಿ. 6 ಅಡಿ 6 ಅಂಗುಲದ ಡ್ರೇಮಂಡ್ ಗ್ರೀನ್ 2012ರಲ್ಲಿ 35ನೆಯವರಾಗಿ ಆಯ್ಕೆಯಾಗಿ, 2017ರಲ್ಲಿ ಲೀಗಿನ ಅತ್ಯುತ್ತಮ ರಕ್ಷಕನ ಪ್ರಶಸ್ತಿ ಪಡೆದದ್ದಕ್ಕೆ ಅವರ ಬುದ್ಧಿಯ ಜೊತೆಗೆ ಏಳಡಿ ದಾಟುವ ತೋಳುಗಳೂ ಕಾರಣ. ಆದರೂ ದೇಹ ಇದ್ದ ಮಾತ್ರಕ್ಕೆ ಆಟ ಬಂದುಬಿಡುವುದಿಲ್ಲ. ಕನೆಟಿಕಟ್‌ನಲ್ಲಿ ಪಂದ್ಯಕ್ಕೆ ನಾಲ್ಕಕ್ಕೂ ಹೆಚ್ಚು ಬ್ಲಾಕ್ ಮಾಡುತ್ತಿದ್ದ 7 ಅಡಿ 3 ಅಂಗುಲದ ಹಷೀಮ್ ಥಬೀಟ್ ಅವರನ್ನು ಮೆಂಫಿಸ್ ತಂಡ 2009ರಲ್ಲಿ ಎರಡನೆಯ ಆಯ್ಕೆಯಾಗಿ ಪಡೆಯಿತು. ಅವರು ಅಲ್ಲಿ ನೆಲೆ ನಿಲ್ಲಲಿಲ್ಲ. ಅವರ ಮುಂದಿನ ಹೆಸರು, ಲೀಗಿನ ದೊಡ್ಡ ತಾರೆಯಾಗಿ ಬೆಳೆದ ಜೇಮ್ಸ್ ಹಾರ್ಡನ್ ಅವರದಾಗಿತ್ತು.

ಮೂರನೆಯದು: ಪಾದಗಳನ್ನು ನೋಡಿ

ಇಡೀ ವಿಚಾರದ ತಿರುಳು ಇಲ್ಲಿದೆ, ಆದ್ದರಿಂದ ಸ್ವಲ್ಪ ನಿಧಾನಿಸೋಣ.

ಎನ್‌ಬಿಎಯ ದಾಳಿಯ ಬೆನ್ನೆಲುಬು ಪಿಕ್ ಅಂಡ್ ರೋಲ್. ಚೆಂಡು ಹಿಡಿದ ಗಾರ್ಡ್‌ಗೆ ಅವನ ಸೆಂಟರ್ ಬಂದು ಗೋಡೆಯಂತೆ ನಿಂತು ಸ್ಕ್ರೀನ್ ಕೊಡುತ್ತಾನೆ, ಗಾರ್ಡ್ ಆ ಗೋಡೆಯನ್ನು ಸುತ್ತಿ ನುಗ್ಗುತ್ತಾನೆ, ಸೆಂಟರ್ ಹೊರಳಿ ರಿಂಗಿನತ್ತ ಓಡುತ್ತಾನೆ. ಎದುರು ತಂಡದ ಎತ್ತರದ ಆಟಗಾರನಿಗೆ ಆಗ ಅರ್ಧ ಸೆಕೆಂಡಿನಲ್ಲಿ ತೀರ್ಮಾನ ಮಾಡಬೇಕು: ಹಿಂದೆ ಸರಿದು ರಿಂಗನ್ನು ಕಾಯುವುದೋ, ಮುಂದೆ ನುಗ್ಗಿ ಗಾರ್ಡ್‌ನ ದಾರಿ ತಡೆದು ಮತ್ತೆ ತನ್ನವನ ಬಳಿಗೆ ಮರಳುವುದೋ, ಇಲ್ಲವೇ ಗಾರ್ಡ್‌ನನ್ನೇ ತಾನು ವಹಿಸಿಕೊಳ್ಳುವುದೋ. ಮೊದಲನೆಯದಕ್ಕೆ ಉದ್ದದ ಕೈ ಮತ್ತು ಅಂದಾಜು ಬೇಕು, ಎರಡನೆಯದಕ್ಕೆ ಉಸಿರು, ಮೂರನೆಯದಕ್ಕೆ ಗಾರ್ಡ್‌ನಂಥ ಪಾದಗಳು. ಮೂರೂ ಬರುವವನು ಅಪರೂಪ. ಒಂದಾದರೂ ಚೆನ್ನಾಗಿ ಬಾರದವನಿಗೆ ಎನ್‌ಬಿಎಯಲ್ಲಿ ಉಳಿಯುವುದು ಬಹಳ ಕಷ್ಟ.

ನೋಡುವ ಕ್ರಮ ಹೀಗಿರಲಿ. ಪಂದ್ಯದ ವಿಡಿಯೊ ಸಿಕ್ಕರೆ ಚೆಂಡನ್ನು ಪೂರ್ತಿಯಾಗಿ ಮರೆತು ಆ ಒಬ್ಬ ಹುಡುಗನ ಸೊಂಟದ ಕೆಳಗಿನ ಭಾಗವನ್ನಷ್ಟೇ ಗಮನಿಸುತ್ತ, ಅವನು ರಕ್ಷಣೆಯಲ್ಲಿ ಪಿಕ್ ಅಂಡ್ ರೋಲ್ ಎದುರಿಸಿದ ಇಪ್ಪತ್ತು ಸಂದರ್ಭಗಳನ್ನು ಕಾಗದದ ಮೇಲೆ ಗುರುತು ಹಾಕಿಕೊಳ್ಳಿ. ಮಂಡಿ ಬಾಗಿದೆಯೇ, ಅಥವಾ ಬೆನ್ನು ಮಾತ್ರ ಬಾಗಿದೆಯೇ? ಗಾರ್ಡ್ ದಿಕ್ಕು ಬದಲಿಸಿದಾಗ ಸೊಂಟ ಒಂದೇ ಬಾರಿಗೆ ತಿರುಗಿತೇ, ಮೂರು ಪುಟ್ಟ ಹೆಜ್ಜೆಗಳಾದವೇ? ಒಮ್ಮೆ ಜಿಗಿದು ಕೆಳಗಿಳಿದ ಮೇಲೆ ಮತ್ತೆ ಜಿಗಿಯಲು ಎಷ್ಟು ಹೊತ್ತು ಹಿಡಿಯಿತು? ಸ್ಕ್ರೀನ್ ಬರುವ ಮೊದಲೇ ಕೈ ತೋರಿಸಿ, ಕೂಗಿ ತನ್ನ ಜೊತೆಯವನನ್ನು ಎಚ್ಚರಿಸಿದನೇ? ಇಪ್ಪತ್ತರಲ್ಲಿ ಹನ್ನೆರಡು ಬಾರಿ ಅವನು ಇರಬೇಕಾದ ಜಾಗದಲ್ಲಿ ಇದ್ದನೆಂದರೆ, ಅಂಕ ಹತ್ತೇ ಬಂದಿದ್ದರೂ ಆ ಹುಡುಗನ ಹೆಸರು ಬರೆದಿಟ್ಟುಕೊಳ್ಳಿ ಎಂದು ನಾನು ಹೇಳುತ್ತೇನೆ.

2015ರ ಉದಾಹರಣೆ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಡ್ಯೂಕ್ ತಂಡ ರಾಷ್ಟ್ರೀಯ ಪ್ರಶಸ್ತಿ ಗೆದ್ದ ಆ ವರ್ಷ ಅದರ ಸೆಂಟರ್ ಜಲೀಲ್ ಓಕಫೋರ್ ಪಂದ್ಯಕ್ಕೆ 17ಕ್ಕೂ ಹೆಚ್ಚು ಅಂಕ ಗಳಿಸುತ್ತಿದ್ದರು. ಬೆನ್ನು ಕೊಟ್ಟು ನಿಂತು ತಿರುಗಿ ಎಸೆಯುವ ಅವರ ಕಲೆ ನೋಡಲು ನಿಜಕ್ಕೂ ಸೊಗಸಾಗಿತ್ತು. ಮೂರನೆಯ ಆಯ್ಕೆಯಾಗಿ ಫಿಲಡೆಲ್ಫಿಯಾ ಸೇರಿ ಮೊದಲ ಋತುವಿನಲ್ಲೇ 17.5 ಅಂಕಗಳ ಸರಾಸರಿ ತೋರಿದರು. ಆ ತಂಡ ಗೆದ್ದದ್ದು 82ರಲ್ಲಿ 10 ಪಂದ್ಯ. ಹೊರಗೆ ಎಳೆದಾಗ ಅವರ ಪಾದಗಳು ಹಿಂದುಳಿಯುತ್ತಿದ್ದವು, ರಿಂಗನ್ನೂ ಅವರು ಬಿಗಿಯಾಗಿ ಕಾಯಲಿಲ್ಲ, ಮತ್ತು ಮೂರನೆಯ ಋತುವಿನ ನಡುವೆಯೇ ಅವರನ್ನು ಬ್ರೂಕ್ಲಿನ್‌ಗೆ ಕಳುಹಿಸಲಾಯಿತು.

ನಾಲ್ಕನೆಯದು: ಚೆಂಡು ಕೈಯಲ್ಲಿ ಇಲ್ಲದಾಗ ಏನು ಮಾಡುತ್ತಾನೆ

ಕಾಲೇಜಿನಲ್ಲಿ ದಾಳಿಯ ಕೇಂದ್ರವಾಗಿದ್ದವನು ಎನ್‌ಬಿಎಯಲ್ಲಿ ತಂಡದ ನಾಲ್ಕನೆಯ ಅಥವಾ ಐದನೆಯ ಆಯ್ಕೆಯಾಗುತ್ತಾನೆ. ಆದ್ದರಿಂದ ಅವನ ಅಂಕಗಳಲ್ಲಿ ಎಷ್ಟು ಬೆನ್ನು ಕೊಟ್ಟು ಆಡಿದ್ದರಿಂದ ಬಂದವು, ಎಷ್ಟು ಓಡಿ, ಸ್ಕ್ರೀನ್ ಕೊಟ್ಟು ಹೊರಳಿ, ಜೊತೆಯವರ ಗುರಿ ತಪ್ಪಿದ ಚೆಂಡನ್ನು ಹಿಡಿದು ಬಂದವು ಎಂದು ಬೇರೆ ಬೇರೆ ಎಣಿಸಿ. ಎರಡನೆಯ ಬಗೆಯವು ಅವನ ಜೊತೆಗೇ ಎನ್‌ಬಿಎಗೆ ಪ್ರಯಾಣ ಮಾಡುತ್ತವೆ. ಓಡುತ್ತಲೇ ಕೆಳಮಟ್ಟದ ಪಾಸ್ ಹಿಡಿಯುವ ಕೈ ಮೆದುವಾಗಿದೆಯೇ ಎಂಬುದನ್ನೂ, ಫ್ರೀ ಥ್ರೋ (ಫೌಲ್ ಆದಾಗ ಅಡ್ಡಿಯಿಲ್ಲದೆ ಎಸೆಯಲು ಸಿಗುವ ಅವಕಾಶ) ಗೆರೆಯ ಬಳಿ ಚೆಂಡು ಸಿಕ್ಕಾಗ ಮೂಲೆಯಲ್ಲಿ ನಿಂತ ಶೂಟರ್ ಅವನ ಕಣ್ಣಿಗೆ ಬೀಳುತ್ತಾನೆಯೇ ಎಂಬುದನ್ನೂ ನೋಡಿ. ಪಾಸ್ ವಿಚಾರದಲ್ಲಿ ಅಂಕಿ ಮಾತ್ರ ನೋಡಿದರೆ ಮೋಸ ಹೋಗುತ್ತೀರಿ: ಅಡೆಬಾಯೊ ಕಾಲೇಜಿನಲ್ಲಿ ಪಂದ್ಯಕ್ಕೆ ಸರಾಸರಿ ಒಂದು ಅಸಿಸ್ಟ್ (ಜೊತೆಯವನ ಅಂಕಕ್ಕೆ ದಾರಿಯಾದ ಪಾಸ್) ಕೂಡ ಮಾಡುತ್ತಿರಲಿಲ್ಲ, 2019–20ರಲ್ಲಿ ಮಯಾಮಿಗಾಗಿ ಐದು ಮಾಡಿದರು. ಕಾಲೇಜಿನಲ್ಲಿ ಅವರಿಗೆ ಆ ಕೆಲಸವನ್ನೇ ಯಾರೂ ವಹಿಸಿರಲಿಲ್ಲ.

ಐದನೆಯದು: ಫ್ರೀ ಥ್ರೋ ಹೇಳುವ ಗುಟ್ಟು

ದೂರದಿಂದ ಎಸೆಯುವುದನ್ನು ಹುಡುಗನೊಬ್ಬ ಮುಂದೆ ಕಲಿಯಬಲ್ಲನೇ ಎಂದು ತಿಳಿಯಲು, ಅವನು ಎಸೆದ ಬೆರಳೆಣಿಕೆಯ ಮೂರಂಕದ ಎಸೆತಗಳಿಗಿಂತ ಫ್ರೀ ಥ್ರೋ ಶೇಕಡಾವಾರು ಹೆಚ್ಚು ನಂಬಿಕೆಗೆ ಅರ್ಹ. 2015ರಲ್ಲಿ ಮೊದಲ ಆಯ್ಕೆಯಾದ ಕಾರ್ಲ್-ಆಂಥನಿ ಟೌನ್ಸ್ ಕೆಂಟಕಿಯಲ್ಲಿ ಮೂರಂಕದ ಗೆರೆಯಾಚೆಯಿಂದ ಎಸೆದದ್ದೇ ಕಡಿಮೆ, ಗಳಿಸಿದ್ದೂ ಪಂದ್ಯಕ್ಕೆ 10 ಅಂಕವಷ್ಟೇ. ಆದರೆ ಫ್ರೀ ಥ್ರೋಗಳಲ್ಲಿ ಶೇ 81 ರಿಂಗಿನೊಳಗೆ ಬೀಳುತ್ತಿದ್ದವು. ಓಕಫೋರ್ ಅವರದು ಶೇ 51. ಟೌನ್ಸ್ 2022ರಲ್ಲಿ ಎನ್‌ಬಿಎ ಆಲ್-ಸ್ಟಾರ್ ಉತ್ಸವದ ಮೂರಂಕದ ಸ್ಪರ್ಧೆಯನ್ನೇ ಗೆದ್ದರು. ಕಲಿಕೆಗೆ ವರ್ಷಗಳು ಹಿಡಿಯಬಹುದು ಎಂಬುದಕ್ಕೆ ಬ್ರೂಕ್ ಲೋಪೆಜ್ ಸಾಕ್ಷಿ: ಮೊದಲ ಎಂಟು ಋತುಗಳಲ್ಲಿ ಒಟ್ಟು ಮೂರೇ ಮೂರಂಕದ ಎಸೆತಗಳನ್ನು ರಿಂಗಿನೊಳಗೆ ಹಾಕಿದ್ದ ಅವರು 2016–17ರ ಒಂದೇ ಋತುವಿನಲ್ಲಿ 134 ಹಾಕಿದರು.

ಆರನೆಯದು: ಯಾರ ಎದುರು, ಯಾವ ವಯಸ್ಸಿನಲ್ಲಿ

ಅಂಕಿಅಂಶಗಳನ್ನು ಜರಡಿ ಹಿಡಿಯಿರಿ. ಎದುರು ತಂಡದಲ್ಲಿ 6 ಅಡಿ 10 ಅಂಗುಲ ದಾಟಿದವನು ಒಬ್ಬನಾದರೂ ಇದ್ದ ಪಂದ್ಯಗಳನ್ನಷ್ಟೇ ಬೇರ್ಪಡಿಸಿ, ಆ ಪಂದ್ಯಗಳ ಸರಾಸರಿ ತೆಗೆಯಿರಿ. ಭಾರತೀಯ ಮೂಲದ ಕೆನಡಿಯನ್, 7 ಅಡಿ 5 ಅಂಗುಲದ ಸಿಮ್ ಭುಲ್ಲರ್ ನ್ಯೂ ಮೆಕ್ಸಿಕೋ ಸ್ಟೇಟ್ ಪರ ಸಣ್ಣ ವಲಯವೊಂದರಲ್ಲಿ ಎಲ್ಲರನ್ನೂ ಮೀರಿಸಿ ನಿಂತಿದ್ದರು. 2015ರ ಏಪ್ರಿಲ್‌ನಲ್ಲಿ ಸ್ಯಾಕ್ರಮೆಂಟೊ ಪರ ಅಂಕಣಕ್ಕಿಳಿದು ಎನ್‌ಬಿಎ ಆಡಿದ ಮೊದಲ ಭಾರತೀಯ ಮೂಲದವರಾದರು. ಅಲ್ಲಿ ಅವರು ಆಡಿದ್ದು ಮೂರು ಪಂದ್ಯ ಮಾತ್ರ.

ವಯಸ್ಸಿನ ವಿಚಾರ ಬೇಗ ಹೇಳಿಬಿಡಬಹುದು: 23ರ ಹರೆಯದವನು 19ರ ಹುಡುಗರನ್ನು ದೂಡಿ ಗಳಿಸಿದ ಅಂಕವನ್ನು ಸ್ವಲ್ಪ ಕಡಿಮೆ ಬೆಲೆಗೆ ಹಿಡಿಯಿರಿ. ಆದರೆ ಆಟ ತಡವಾಗಿ ಹಿಡಿದವರಿಗೆ ಈ ಲೆಕ್ಕ ಹೊಂದುವುದಿಲ್ಲ. ಲಾಗೋಸ್‌ನ ಹಕೀಮ್ ಒಲಾಜುವಾನ್ ಮತ್ತು ಕ್ಯಾಮರೂನ್‌ನ ಜೋಯೆಲ್ ಎಂಬೀಡ್ ಇಬ್ಬರೂ ಹದಿಹರೆಯದಲ್ಲಿ ಬೇರೆ ಆಟಗಳಿಂದ ಇತ್ತ ಬಂದವರು. ಗಾಯದ ಇತಿಹಾಸವನ್ನೂ ಕೇಳಿ ತಿಳಿಯಬೇಕು; 2007ರಲ್ಲಿ ಕೆವಿನ್ ಡುರಾಂಟ್ ಅವರಿಗಿಂತ ಮೊದಲು ಆಯ್ಕೆಯಾದ ಗ್ರೆಗ್ ಓಡನ್ ಅವರಲ್ಲಿ ಆಟಕ್ಕೇನೂ ಕೊರತೆ ಇರಲಿಲ್ಲ, ಮಂಡಿಗಳು ಅವರ ಇಡೀ ಎನ್‌ಬಿಎ ಆಟವನ್ನು 105 ಪಂದ್ಯಗಳಿಗೇ ನಿಲ್ಲಿಸಿದವು.

ಒಬ್ಬನ ಮೇಲೆ ಪ್ರಯೋಗಿಸಿ ನೋಡೋಣ

ಪರ್ಡ್ಯೂ ವಿಶ್ವವಿದ್ಯಾಲಯದ ಝ್ಯಾಕ್ ಈಡಿ 2023 ಮತ್ತು 2024ರಲ್ಲಿ ಸತತವಾಗಿ ವರ್ಷದ ಆಟಗಾರ ಎನಿಸಿಕೊಂಡರು. 1980ರ ದಶಕದ ಆರಂಭದಲ್ಲಿ ರಾಲ್ಫ್ ಸ್ಯಾಂಪ್ಸನ್ ಆದ ಮೇಲೆ ಯಾರಿಗೂ ಇದು ಸಾಧ್ಯವಾಗಿರಲಿಲ್ಲ. ಎತ್ತರ 7 ಅಡಿ 4 ಅಂಗುಲ. 2024ರ ಕಾಲೇಜು ಟೂರ್ನಿಯ ಅಂತಿಮ ಪಂದ್ಯ ನಮ್ಮಲ್ಲಿ ಮಂಗಳವಾರದ ಬೆಳಗಿನ ಕಾಫಿ ಹೊತ್ತಿಗೆ ನಡೆಯಿತು. ಈಡಿ ಅದರಲ್ಲಿ 37 ಅಂಕ ಗಳಿಸಿದರು, ಪರ್ಡ್ಯೂ 60–75ರಿಂದ ಸೋತಿತು. ಕನೆಟಿಕಟ್ ತಂಡ ಅವರನ್ನು ಹೆಚ್ಚಾಗಿ ಒಬ್ಬನೇ ರಕ್ಷಕನಿಗೆ ಬಿಟ್ಟು, ಉಳಿದವರು ಶೂಟರ್‌ಗಳನ್ನು ಬಿಡದೆ ಅಂಟಿಕೊಂಡರು. ಇಡೀ ಪಂದ್ಯದಲ್ಲಿ ಪರ್ಡ್ಯೂ ರಿಂಗಿನೊಳಗೆ ಹಾಕಿದ್ದು ಒಂದೇ ಒಂದು ಮೂರಂಕದ ಎಸೆತ. ಎನ್‌ಬಿಎಯ ತರಬೇತುದಾರರು ಏನು ಮಾಡುವರೋ ಅದನ್ನೇ ಅಂದು ಕಾಲೇಜಿನ ತಂಡವೊಂದು ಮಾಡಿ ತೋರಿಸಿತ್ತು.

ನಮ್ಮ ಹೆಜ್ಜೆಗಳನ್ನು ಅವರಿಗೆ ಅನ್ವಯಿಸಿದರೆ ಉತ್ತರ ಮಿಶ್ರವಾಗಿ ಬರುತ್ತದೆ. ಕೈ ತಲುಪುವ ಮಟ್ಟ ಅಸಾಧಾರಣ. ಪಾದಗಳು ನಿಧಾನ, ಆದರೆ ಹಿಂದೆ ಸರಿದು ರಿಂಗ್ ಕಾಯುವ ಅಂದಾಜು ವರ್ಷದಿಂದ ವರ್ಷಕ್ಕೆ ಸುಧಾರಿಸಿತ್ತು. ಫ್ರೀ ಥ್ರೋ ಶೇ 70ರ ಆಸುಪಾಸಿನಲ್ಲಿತ್ತು. ಪ್ರೌಢಶಾಲೆಯ ನಡುವೆ ಆಟ ಹಿಡಿದ ಟೊರಾಂಟೊ ಹುಡುಗನಾದ್ದರಿಂದ ವಯಸ್ಸು 22 ಆಗಿದ್ದರೂ ಕಲಿಯಲು ಜಾಗ ಉಳಿದಿತ್ತು. ಮೆಂಫಿಸ್ ಅವರನ್ನು ಒಂಬತ್ತನೆಯ ಆಯ್ಕೆಯಾಗಿ ಪಡೆದು, ಪಂದ್ಯಕ್ಕೆ ಸುಮಾರು 21 ನಿಮಿಷ ಆಡಿಸಿತು. ಅಷ್ಟರಲ್ಲಿ ಅವರು ಸುಮಾರು 9 ಅಂಕ, 8 ರೀಬೌಂಡ್ ಗಳಿಸಿ, ಲೀಗ್ ಆರಿಸುವ ಆ ಋತುವಿನ ಅತ್ಯುತ್ತಮ ಹೊಸಬರ ಮೊದಲ ತಂಡದಲ್ಲಿ ಸ್ಥಾನ ಪಡೆದರು. ಕಾಲೇಜಿನಲ್ಲಿ ಬಹುತೇಕ ಮುಟ್ಟದಿದ್ದ ಮೂರಂಕದ ಎಸೆತವನ್ನೂ ಆಗಾಗ ಎಸೆದರು. ಋತು ಮುಗಿದ ಮೇಲೆ ಪಾದದ ಗಂಟಿನ ಶಸ್ತ್ರಚಿಕಿತ್ಸೆಯೂ ಆಯಿತು. ಅಷ್ಟು ಭಾರದ ದೇಹದಲ್ಲಿ ಇದನ್ನು ಸಣ್ಣ ಸಂಗತಿ ಎಂದು ನಾನು ತಿಳಿಯುವುದಿಲ್ಲ.

ಇನ್ನು ಮುಂದೆ ಅವರ ಪಂದ್ಯ ನೋಡುವಾಗ ಅಂಕಪಟ್ಟಿ ಬಿಟ್ಟು ಕೊನೆಯ ಐದು ನಿಮಿಷಗಳನ್ನು ಗಮನಿಸಿ. ಅಂತರ ನಾಲ್ಕೈದು ಅಂಕಗಳಷ್ಟೇ ಇದ್ದು, ಎದುರು ತಂಡ ಐವರು ಶೂಟರ್‌ಗಳನ್ನು ಇಳಿಸಿದಾಗ, ತರಬೇತುದಾರ ಅವರನ್ನು ಅಂಕಣದಲ್ಲೇ ಉಳಿಸಿಕೊಳ್ಳುತ್ತಾರೋ ಬೆಂಚಿಗೆ ಕರೆಯುತ್ತಾರೋ ನೋಡಿ.