ಪುಣೆಯ ಹಳ್ಳ, ಕೆರೆಗಳ ನೀರನ್ನು ಕಾಪಾಡುವ ಬಗೆ

ಪುಣೆಯಲ್ಲಿ ನೆಲೆಸಿರುವ ಕನ್ನಡಿಗರು ಇಲ್ಲಿನ ನದಿಗಳ ಸ್ಥಿತಿಯನ್ನು ಪರನಾಡಿನ ಸಂಗತಿ ಎಂದು ಭಾವಿಸುವಂತಿಲ್ಲ. ಸಂಗಮ ಸೇತುವೆಯ ಬಳಿ ಒಂದಾಗುವ ಮುಳಾ ಮತ್ತು ಮುಠಾ ನದಿಗಳು ಮುಂದೆ ಭೀಮೆಯನ್ನು ಕೂಡುತ್ತವೆ. ಆ ನೀರು ಉಜನಿ ಜಲಾಶಯವನ್ನೂ ಪಂಢರಪುರವನ್ನೂ ದಾಟಿ, ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಹರಿದು ಕೊನೆಗೆ ಕೃಷ್ಣೆಯ ಪಾಲಾಗುತ್ತದೆ. ಗಾಣಗಾಪುರದ ಸಂಗಮದಲ್ಲಿ ಮುಳುಗು ಹಾಕುವ ಭಕ್ತರಿಗೂ, ಸೊನ್ನ ಬ್ಯಾರೇಜಿನ ನೀರನ್ನು ನಂಬಿದ ರೈತರಿಗೂ, ಬಾವಧನ ಅಥವಾ ಕಾತ್ರಜದ ನಮ್ಮ ಬಚ್ಚಲಿನ ನೀರಿಗೂ ಹೀಗೆ ನೇರವಾದ ನಂಟಿದೆ. ನದಿಯನ್ನು ಶುದ್ಧಗೊಳಿಸುವ ಹೊಣೆ ಸರ್ಕಾರದ್ದು, ನಿಜ. ಆದರೆ ನದಿಗೆ ನೀರು ತರುವ ಸಣ್ಣ ಹಳ್ಳ, ನಾಲಾ, ಕೆರೆಗಳನ್ನು ಅವುಗಳ ಮಗ್ಗುಲಲ್ಲೇ ವಾಸಿಸುವವರು ಕಾಯದಿದ್ದರೆ ಬೇರಾರೂ ಕಾಯುವುದಿಲ್ಲ. ಹೌಸಿಂಗ್ ಸೊಸೈಟಿಯೊಂದರ ಕೆಲವೇ ಜನ ಸೇರಿ ಮಾಡಬಹುದಾದ ಕೆಲಸಗಳನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ತಿಳಿಯಬೇಕಾದದ್ದು ನಿಮ್ಮ ಕಟ್ಟಡದ ನೀರು ಎಲ್ಲಿಗೆ ಸೇರುತ್ತದೆ ಎಂಬುದು. ಒಳಚರಂಡಿಯ ನೀರು ಶುದ್ಧೀಕರಣ ಘಟಕಕ್ಕೆ ಹೋಗಬೇಕೆಂಬುದು ನಿಯಮ; ಮಳೆನೀರಿನ ಚರಂಡಿಯದು ಯಾವ ಶುದ್ಧೀಕರಣವೂ ಇಲ್ಲದೆ ನೇರವಾಗಿ ಹತ್ತಿರದ ಹಳ್ಳಕ್ಕೆ ಬೀಳುತ್ತದೆ. ಕಾರು ತೊಳೆದ ಸಾಬೂನು ನೀರು, ಬಣ್ಣದ ಬ್ರಷ್ ತೊಳೆದ ನೀರು, ಸಿಮೆಂಟಿನ ರಾಡಿ ಇವೆಲ್ಲ ಸಾಮಾನ್ಯವಾಗಿ ಈ ಎರಡನೆಯ ದಾರಿಯನ್ನೇ ಹಿಡಿಯುತ್ತವೆ. ಇದನ್ನು ಪತ್ತೆ ಹಚ್ಚಲು ಸುಲಭವಾದ ಉಪಾಯವೊಂದಿದೆ: ಏಪ್ರಿಲ್, ಮೇ ತಿಂಗಳ ಮಳೆಯಿಲ್ಲದ ದಿನಗಳಲ್ಲಿ ಮಳೆನೀರಿನ ಚರಂಡಿಯಲ್ಲಿ ನೀರು ಹರಿಯುತ್ತಿದ್ದರೆ, ಮೇಲೆ ಎಲ್ಲೋ ಒಂದು ಕಡೆ ಕೊಳಚೆಯ ಕೊಳವೆಯನ್ನು ಅದಕ್ಕೆ ಜೋಡಿಸಿರುವ ಸಾಧ್ಯತೆಯೇ ಹೆಚ್ಚು. ಆದ್ದರಿಂದ ಬೇಸಿಗೆಯ ಕೊನೆಯಲ್ಲೊಮ್ಮೆ, ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ ಹಳ್ಳದ ದಂಡೆಯಲ್ಲಿ ನಡೆದು, ಪ್ರತಿ ಕೊಳವೆಯ ಬಾಯಿಯ ಚಿತ್ರವನ್ನು ದಿನಾಂಕ, ಸ್ಥಳಗಳ ಸಮೇತ ತೆಗೆದಿಟ್ಟುಕೊಳ್ಳಿ. ಬಾವಧನ, ಪಾಷಾಣಗಳ ನಿವಾಸಿಗಳಿಗೆ ರಾಮನದಿ, ಕಾತ್ರಜದಿಂದ ಕೆಳಗಿನವರಿಗೆ ಅಂಬಿಲ ಓಢಾ ಹತ್ತಿರದ ಹರಿವುಗಳು. ಮಳೆ ಸುರಿಯುವಾಗ ಮಾತ್ರ ಯಾರೂ ಹಳ್ಳಕ್ಕೆ ಇಳಿಯಕೂಡದು. 2019ರ ಸೆಪ್ಟೆಂಬರಿನಲ್ಲಿ ಅಂಬಿಲ ಓಢಾ ರಾತ್ರಿ ಹೊತ್ತಿನಲ್ಲಿ ಉಕ್ಕಿ ಹರಿದು ಪ್ರಾಣಹಾನಿಯಾದುದನ್ನು ಈ ಊರು ಮರೆತಿಲ್ಲ. ಕೊಳಚೆ ನೀರನ್ನು ಮುಟ್ಟುವಾಗ ರಬ್ಬರ್ ಕೈಗವಸು, ಗಂಬೂಟು ಧರಿಸುವುದು ಕಡ್ಡಾಯ; ಕಾಲಿನ ಸಣ್ಣ ಗಾಯವೂ ಇಲಿ ಜ್ವರಕ್ಕೆ ದಾರಿಯಾಗಬಹುದು.

ಎರಡನೆಯ ಕೆಲಸ ಅಳೆಯುವುದು. ನೀರಿನ ಬಣ್ಣ, ವಾಸನೆಗಳನ್ನು ನೋಡಿ ತೀರ್ಮಾನಿಸುವುದು ಸಾಲದು, ಏಕೆಂದರೆ ತಿಳಿಯಾಗಿ ಕಾಣುವ ನೀರಿನಲ್ಲೂ ಮೀನು ಬದುಕಲಾರದಷ್ಟು ಕಡಿಮೆ ಆಮ್ಲಜನಕ ಇರಬಹುದು. ಕರಗಿದ ಆಮ್ಲಜನಕ ಮತ್ತು ಪಿಎಚ್ (ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂಬುದರ ಅಂಕಿ) ಅಳೆಯುವ ಕಿಟ್‌ಗಳು ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದ ಪ್ರಕಾರ ಮೀನು ಮತ್ತು ವನ್ಯಜೀವಿಗಳಿಗೆ ಯೋಗ್ಯವಾದ ನೀರಿನಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಕರಗಿದ ಆಮ್ಲಜನಕ ಇರಬೇಕು, ಪಿಎಚ್ 6.5ರಿಂದ 8.5ರ ನಡುವೆ ಇರಬೇಕು. ಸ್ನಾನಕ್ಕೆ ಯೋಗ್ಯವೆನಿಸಬೇಕಾದರೆ ಆಮ್ಲಜನಕ 5 ಮಿಲಿಗ್ರಾಂಗಿಂತ ಕಡಿಮೆಯಾಗಬಾರದು. ಜೈವಿಕ ಆಮ್ಲಜನಕ ಬೇಡಿಕೆ, ಅಂದರೆ ಕೊಳೆಯನ್ನು ಅರಗಿಸಲು ಸೂಕ್ಷ್ಮಜೀವಿಗಳು ಬಳಸಿಕೊಳ್ಳುವ ಆಮ್ಲಜನಕದ ಪ್ರಮಾಣ, 3 ಮಿಲಿಗ್ರಾಂ ಮೀರಬಾರದು.

ಅಳೆಯುವ ಹೊತ್ತಿನ ಬಗ್ಗೆ ಎಚ್ಚರ ಬೇಕು. ಹಸಿರು ಪಾಚಿ ತುಂಬಿದ ಕೆರೆಯಲ್ಲಿ ಮಧ್ಯಾಹ್ನ ಅಳೆದರೆ ಆಮ್ಲಜನಕ ಸಮೃದ್ಧವಾಗಿರುವಂತೆ ತೋರುತ್ತದೆ, ಏಕೆಂದರೆ ಬಿಸಿಲಿನಲ್ಲಿ ಪಾಚಿ ಅದನ್ನು ಉತ್ಪಾದಿಸುತ್ತಿರುತ್ತದೆ. ರಾತ್ರಿಯಿಡೀ ಅದೇ ಪಾಚಿ ಉಸಿರಾಡಿ ಆಮ್ಲಜನಕವನ್ನು ಬರಿದು ಮಾಡುತ್ತದೆ; ಮೀನುಗಳು ರಾಶಿಯಾಗಿ ಸಾಯುವುದು ಹೆಚ್ಚಾಗಿ ಬೆಳಗಿನ ಜಾವದಲ್ಲಿ. ಆದ್ದರಿಂದ ಸೂರ್ಯೋದಯದ ಹೊತ್ತಿಗೆ, ಪ್ರತಿ ಸಲವೂ ಅದೇ ಜಾಗದಲ್ಲಿ ಅಳೆದು ಬರೆದಿಡಬೇಕು. ನೀರಿನ ತಿಳಿತನವನ್ನು ತಿಳಿಯಲು 20 ಸೆಂಟಿಮೀಟರ್ ಅಗಲದ ಕಪ್ಪು ಬಿಳುಪಿನ ತಟ್ಟೆಯನ್ನು ಹಗ್ಗಕ್ಕೆ ಕಟ್ಟಿ ಇಳಿಸಿ, ಅದು ಕಣ್ಣಿಗೆ ಮರೆಯಾಗುವ ಆಳವನ್ನು ಗುರುತಿಸಿದರೆ ಸಾಕು.

ಮನೆಯೊಳಗಿನ ನಿಯಮಗಳು ಕೆಲವೇ. ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯಬೇಡಿ. ಉಳಿದ ಔಷಧಿ, ಪೇಂಟ್, ಥಿನ್ನರ್‌ಗಳನ್ನು ಮೋರಿಗೆ ಬಿಡಬೇಡಿ. ಫಾಸ್ಫೇಟ್ ಇಲ್ಲದ ಬಟ್ಟೆಯ ಸೋಪಿನ ಪುಡಿಯನ್ನು ಆರಿಸಿ, ಅದನ್ನೂ ಅಳತೆಗಿಂತ ಹೆಚ್ಚು ಹಾಕಬೇಡಿ.

ಸೊಸೈಟಿಯಲ್ಲಿ ಕೊಳಚೆ ಶುದ್ಧೀಕರಣ ಘಟಕವಿದ್ದರೆ, ನಿಮ್ಮ ಶ್ರಮದ ಬಹುಪಾಲು ಅಲ್ಲಿಗೇ ಮೀಸಲಾಗಲಿ. ಘಟಕ ಕಾಗದದ ಮೇಲೆ ಇರುವುದು ಬೇರೆ, ದಿನವೂ ಕೆಲಸ ಮಾಡುವುದು ಬೇರೆ. ಅಲ್ಲಿನ ಗಾಳಿ ತೊಟ್ಟಿಯಲ್ಲಿ ಬದುಕಿರುವ ಬ್ಯಾಕ್ಟೀರಿಯಾಗಳೇ ಕೊಳೆಯನ್ನು ತಿಂದು ನೀರನ್ನು ಶುದ್ಧ ಮಾಡುವುದರಿಂದ, ಅವುಗಳಿಗೆ ಎಡೆಬಿಡದೆ ಗಾಳಿ ಸಿಗಬೇಕು. ವಿದ್ಯುತ್ ಬಿಲ್ಲು ಉಳಿಸಲೆಂದು ರಾತ್ರಿ ಬ್ಲೋವರ್ ನಿಲ್ಲಿಸಿದರೆ ಆ ಜೀವಿಗಳು ಉಸಿರುಕಟ್ಟಿ ಸಾಯತೊಡಗುತ್ತವೆ, ಅರೆಬರೆ ಶುದ್ಧವಾದ ನೀರು ಹೊರಬೀಳುತ್ತದೆ. ಮುಚ್ಚಳ ತೆಗೆಸಿ ನೋಡಿ: ತೊಟ್ಟಿಯ ನೀರು ಡಿಕಾಕ್ಷನ್‌ಗೆ ಹಾಲು ಬೆರೆಸಿದ ಹಾಗೆ ಕಂದು ಬಣ್ಣವಾಗಿದ್ದು, ಹಸಿಮಣ್ಣಿನ ವಾಸನೆ ಬರುತ್ತಿದ್ದರೆ ಘಟಕ ಆರೋಗ್ಯವಾಗಿದೆ ಎಂದರ್ಥ, ನೀರು ಕಪ್ಪಾಗಿ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಸಾಲುತ್ತಿಲ್ಲ. ಬಳಿಕ ಒಂದು ಲೀಟರಿನ ಅಳತೆಯ ಜಾಡಿಗೆ ಆ ತೊಟ್ಟಿಯ ನೀರನ್ನು ತುಂಬಿಸಿ, ಅಲುಗಾಡಿಸದೆ ಅರ್ಧ ಗಂಟೆ ಇಡಿ. ಕಂದು ಕೆಸರು ಸುಮಾರು 200ರಿಂದ 400 ಮಿಲಿಲೀಟರ್ ಮಟ್ಟಕ್ಕೆ ಇಳಿದು, ಮೇಲೆ ತಿಳಿನೀರು ನಿಲ್ಲಬೇಕು. ಕೆಸರು ಇಳಿಯದಿದ್ದರೆ, ಅಥವಾ ಮೇಲಕ್ಕೆ ತೇಲಿದರೆ, ನಿರ್ವಾಹಕರನ್ನು ಕರೆಸಿ ಕಾರಣ ಕೇಳುವುದು ಸಮಿತಿಯ ಕರ್ತವ್ಯ. ಬ್ಲೋವರಿಗೆ ಪ್ರತ್ಯೇಕ ವಿದ್ಯುತ್ ಮೀಟರ್ ಹಾಕಿಸಿ, ಅದರ ಅಂಕಿಯನ್ನು ದಿನವೂ ಬರೆಸುವುದಕ್ಕಿಂತ ಒಳ್ಳೆಯ ಕಾವಲು ನನಗೆ ತಿಳಿದಿಲ್ಲ. ಘಟಕ ನಡೆಸುವ ಕಾರ್ಮಿಕರು ಕಲಬುರಗಿ ಅಥವಾ ವಿಜಯಪುರದ ಕಡೆಯವರಾಗಿದ್ದರೆ ಅವರೊಡನೆ ಕನ್ನಡದಲ್ಲೇ ಮಾತಾಡಿ, ಕೆಲಸದ ಕಷ್ಟಗಳನ್ನು ಕೇಳಿ. ಘಟಕದಲ್ಲಿ ಏನು ಕೆಟ್ಟಿದೆ ಎಂಬುದು ಎಲ್ಲರಿಗಿಂತ ಮೊದಲು ತಿಳಿಯುವುದು ಅವರಿಗೇ.

ಕೆರೆಯ ವಿಚಾರದಲ್ಲಿ ಉತ್ಸಾಹ ಅತಿಯಾಗದಂತೆ ನೋಡಿಕೊಳ್ಳಬೇಕು. ಪಾಷಾಣ ಕೆರೆಯಂಥ ಕಡೆ ನೀರನ್ನು ಮುಚ್ಚುವ, ನೇರಳೆ ಹೂವಿನ ಜಲಪರ್ಣಿಯನ್ನು ಕಿತ್ತು ತೆಗೆಯುವುದು ಸರಿ. ಆದರೆ ಕಿತ್ತದ್ದನ್ನು ದಂಡೆಯಲ್ಲೇ ಗುಡ್ಡೆ ಹಾಕಿದರೆ ಅದು ಕೊಳೆತು ಅದರ ಸತ್ವವೆಲ್ಲ ಮರಳಿ ನೀರಿಗೇ ಇಳಿಯುತ್ತದೆ. ದೂರ ಸಾಗಿಸಿ ಗೊಬ್ಬರ ಮಾಡಬೇಕು. ಕೊಳಚೆಯ ಸಾರಜನಕ, ರಂಜಕಗಳು ಬರುವುದು ನಿಲ್ಲದಿದ್ದರೆ ಕಳೆ ಮತ್ತೆ ಬೆಳೆದೇ ಬೆಳೆಯುತ್ತದೆ. ಕಳೆನಾಶಕ ಸಿಂಪಡಿಸುವುದಂತೂ ಬೇಡವೇ ಬೇಡ. ಅಂಚಿನ ಜೊಂಡನ್ನು ಸಂಪೂರ್ಣ ಕಿತ್ತುಹಾಕಬಾರದು, ಏಕೆಂದರೆ ಹಕ್ಕಿಗಳು ಗೂಡು ಕಟ್ಟುವುದೂ ಮೀನಿನ ಮರಿಗಳು ಅಡಗುವುದೂ ಅಲ್ಲಿಯೇ. ಹೂಳೆತ್ತುವವರು ದಂಡೆಯನ್ನು ಗೋಡೆಯಂತೆ ಕಡಿದಾಗಿ ಮಾಡಿದರೆ ಉದ್ದಕಾಲಿನ ಹಕ್ಕಿಗಳಿಗೆ ನಿಲ್ಲಲು ತಾವೇ ಉಳಿಯುವುದಿಲ್ಲ; ಇಳಿಜಾರಾದ, ಆಳವಿಲ್ಲದ ಅಂಚನ್ನು ಬಿಡುವಂತೆ ಮೊದಲೇ ಒತ್ತಾಯಿಸಿ. ದಂಡೆಯಲ್ಲಿ ಹೊಂಗೆ, ಅತ್ತಿ, ಹೊಳೆಮತ್ತಿ, ನೇರಳೆಗಳನ್ನು ನೆಡಬಹುದು. ಅಕ್ವೇರಿಯಂ ಮೀನು ಸಾಕಿ ಬೇಸರವಾದವರು ಅವನ್ನು ಕೆರೆಗೆ ಬಿಟ್ಟು ಪುಣ್ಯ ಬಂತೆಂದುಕೊಳ್ಳುತ್ತಾರೆ. ಹೀಗೆ ಬಿಟ್ಟ ಸಕ್ಕರ್ ಮೀನು ದೇಶದ ಹಲವು ನದಿ, ಕೆರೆಗಳಲ್ಲಿ ಬೆಳೆದು, ದಂಡೆಯನ್ನು ಕೊರೆದು, ಸ್ಥಳೀಯ ಮೀನುಗಳ ಆಹಾರವನ್ನು ಕಸಿಯುತ್ತಿದೆ.

ಗಣೇಶೋತ್ಸವದ ವಿಚಾರವನ್ನು ಪುಣೆಯಲ್ಲಿ ಬಿಡಲಾಗದು. ಶಾಡೂ ಮಣ್ಣಿನ, ಬಣ್ಣವಿಲ್ಲದ ಮೂರ್ತಿಯನ್ನು ಮನೆಯ ಬಕೆಟ್ಟಿನಲ್ಲೇ ವಿಸರ್ಜಿಸುವುದು ಉತ್ತಮ. ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಮೂರ್ತಿ ಈಗಾಗಲೇ ಮನೆಗೆ ಬಂದಿದ್ದರೆ, ನಮ್ಮ ಊರಿನದೇ ಆದ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ರೂಪಿಸಿದ ವಿಧಾನವಿದೆ. ಹೂವು, ಬಟ್ಟೆ, ಅಲಂಕಾರಗಳನ್ನು ತೆಗೆದು, ಮೂರ್ತಿಯ ತೂಕದಷ್ಟು ಅಮೋನಿಯಂ ಬೈಕಾರ್ಬೊನೇಟನ್ನು ನೀರಿನಲ್ಲಿ ಕರಗಿಸಿ, ಅದರಲ್ಲಿ ಮೂರ್ತಿಯನ್ನು ಮುಳುಗಿಸಿ ದಿನಕ್ಕೆ ಕೆಲವು ಬಾರಿ ಕಲಕಬೇಕು. ಸುಮಾರು ಎರಡು ದಿನಗಳಲ್ಲಿ ಮೂರ್ತಿ ಕರಗಿ, ತಳದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಕೂರುತ್ತದೆ. ಮೇಲಿನ ನೀರಿನಲ್ಲಿ ಅಮೋನಿಯಂ ಸಲ್ಫೇಟ್ ಇರುವುದರಿಂದ ಅದನ್ನು ಚೆನ್ನಾಗಿ ತೆಳುಮಾಡಿ ಗಿಡಗಳಿಗೆ ಗೊಬ್ಬರವಾಗಿ ಹಾಕಬಹುದು. ಘಾಟು ಹೆಚ್ಚಿರುವುದರಿಂದ ಬಕೆಟ್ಟನ್ನು ಬಾಲ್ಕನಿಯಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡಿ.

ದೂರು ಕೊಡುವಾಗ ಕೋಪದ ಮಾತಿಗಿಂತ ದಾಖಲೆ ಮುಖ್ಯ. ಯಾವ ಕೊಳವೆ, ಯಾವ ದಿನ, ಎಷ್ಟು ಗಂಟೆಗೆ, ನೊರೆಯ ಬಣ್ಣವೇನು ಎಂಬುದನ್ನು ಚಿತ್ರಗಳೊಡನೆ ಬರೆದು ಮಹಾನಗರಪಾಲಿಕೆಗೂ ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿಗೂ ಕಳುಹಿಸಿ, ಸ್ವೀಕೃತಿ ಪಡೆದುಕೊಳ್ಳಿ. 1974ರ ಜಲ ಕಾಯ್ದೆಯಡಿ ಕೊಳಚೆ ಬಿಡುವವರ ವಿರುದ್ಧ ಸಾಕ್ಷ್ಯವಾಗುವುದು ಮಂಡಳಿ ನಿಗದಿತ ಕ್ರಮದಲ್ಲಿ ಸಂಗ್ರಹಿಸಿದ ಮಾದರಿಯೇ. ಆದ್ದರಿಂದ ನಿಮ್ಮ ಅಳತೆಗಳನ್ನು ತೀರ್ಪೆಂದು ಮಂಡಿಸದೆ, ಇಂಥ ಜಾಗದಲ್ಲಿ ಇಂಥ ಹೊತ್ತಿಗೆ ಬಂದು ಮಾದರಿ ತೆಗೆಯಿರಿ ಎಂದು ಕೇಳುವುದಕ್ಕೆ ಬಳಸಿ. ಕೊಳಚೆ ರಾತ್ರಿ ಮಾತ್ರ ಹರಿಯುತ್ತಿದ್ದರೆ ಆ ಸಂಗತಿಯನ್ನು ಮೊದಲ ಸಾಲಿನಲ್ಲೇ ಬರೆಯಿರಿ. ಯಾರೂ ಕದಲದಿದ್ದಾಗ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಪಶ್ಚಿಮ ವಲಯ ಪೀಠ ಪುಣೆಯಲ್ಲೇ ಇದೆ. ಪರಿಹಾರದ ಹಣ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ. ದೂರಿಗೆ ಕಾರಣವಾದ ಘಟನೆ ಮೊದಲು ನಡೆದ ದಿನದಿಂದ 6 ತಿಂಗಳೊಳಗೆ ಅರ್ಜಿ ಸಲ್ಲಬೇಕಾಗಿರುವುದರಿಂದ, ಪಾಲಿಕೆಯ ಉತ್ತರಕ್ಕಾಗಿ ಕಾಯುತ್ತಾ ಆ ಅವಧಿಯನ್ನು ಕಳೆದುಕೊಳ್ಳಬೇಡಿ.