ಪುಡಿಯಾಗುತ್ತಿದ್ದ ಮಾವಿನ ಮರದಲ್ಲಿ ಹಕ್ಕಿಯನ್ನು ಕೆತ್ತಿದ್ದು

ಮಳೆಗಾಲವಿಡೀ ಹಿತ್ತಲಲ್ಲಿ ಬಿದ್ದಿದ್ದ ಮಾವಿನ ಕೊರಡಿನಲ್ಲಿ ಎಂಥ ಚಂದದ ಕಪ್ಪು ಗೆರೆಗಳು! ಮರದೊಳಗೆ ಶಿಲೀಂಧ್ರಗಳು ಎದುರುಬದುರಾದ ಕಡೆ ಇವು ಮೂಡುತ್ತವೆ. ಚೆನ್ನಾಗಿ ಒಣಗಿಸಿ ಪುಟ್ಟ ಹಕ್ಕಿ ಕೆತ್ತತೊಡಗಿದೆ. ಗೆರೆಯ ಪಕ್ಕದ ಬಿಳಿ ಭಾಗ ರಸ್ಕಿನಂತೆ ಪುಡಿಪುಡಿ. ಉಳಿ ಮಸೆದರೂ ಕೊಕ್ಕಿನ ಬುಡ ಕಿತ್ತು ಬಂತು. ತುಂಬಾ ಬೇಜಾರಾಯಿತು.

ಕೊನೆಗೆ ಮೆತ್ತನೆ ಜಾಗಕ್ಕೆ ನೀರಿನಷ್ಟು ತೆಳುವಾದ ಸೂಪರ್ ಗ್ಲೂ ಹನಿಹನಿಯಾಗಿ ಕುಡಿಸಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಉಳಿ ಸಲೀಸಾಗಿ ಓಡಿತು! ಅಂಟು ಬಿದ್ದಲ್ಲಿ ಬಣ್ಣ ಗಾಢವಾಗುತ್ತದೆ, ಮೊದಲು ಬೇರೆ ತುಂಡಿನ ಮೇಲೆ ನೋಡಿಕೊಳ್ಳಿ. ಆಮೇಲೆ 120, 240, 400 ನಂಬರಿನ ಸ್ಯಾಂಡ್ ಪೇಪರ್. ಈ ಧೂಳು ಒಳ್ಳೆಯದಲ್ಲ, ಮಾಸ್ಕ್ ಬೇಕೇ ಬೇಕು. ಕೊನೆಗೆ ಹೊಳಪಿಗೆ ಎಣ್ಣೆ ಹಚ್ಚಿದರೆ ಮೆತ್ತನೆ ಭಾಗ ಜಾಸ್ತಿ ಹೀರಿ ಕಲೆಯಾಗುತ್ತದೆ ಅಲ್ವಾ? ಹಾಗಾಗಿ ಅರಗಿನ ಪಾಲಿಶನ್ನೇ ತೆಳುವಾಗಿ ಮೂರು ಸಲ ಬಳಿದೆ. ಈಗ ಆ ಕಪ್ಪು ಗೆರೆ ರೆಕ್ಕೆಯ ಅಂಚಿನಲ್ಲೇ ಹಾದುಹೋಗಿದೆ.